ದರ್ಜಿಯಮ್ಮನ ಲಿನಕ್ಸ್

ಬೀದಿಯವರೆಲ್ಲ ಅವಳನ್ನು ದರ್ಜಿಯಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಅವನು ನಿಲ್ದಾಣದ ಹೆಸರು ಕೂಗಿದರೆ ಹಿಂದಿನ ಬಸ್ಸಿನವರೂ ಇಳಿಯಲು ಎದ್ದು ನಿಲ್ಲುತ್ತಿದ್ದರೆಂದು ಜನ ತಮಾಷೆ ಮಾಡುತ್ತಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಅವನಿಂದ ಒಂದು ಸ್ವರವೂ ಹೊರಡದಾಯಿತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ಹೊಲಿಗೆ ಯಂತ್ರದಲ್ಲಿ ಮುಳುಗಿದ ಹೆಂಡತಿ ತಲೆ ಎತ್ತುವಷ್ಟರಲ್ಲಿ ಬೇಸರವಾಗಿ ಅಳಿಸಿಬಿಡುತ್ತಿದ್ದ. ಫೋನಿನಲ್ಲಿ ಬರೆಯೋಣವೆಂದರೆ ಅವನ ದಪ್ಪ ಬೆರಳು ಒಂದಕ್ಷರ ಒತ್ತಿದರೆ ಇನ್ನೊಂದು ಮೂಡುತ್ತಿತ್ತು. ಬರಬರುತ್ತಾ ಬರೆಯುವುದನ್ನೇ ಬಿಟ್ಟ.

ಬರೆದದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರು. ಮಗಳು ಮದುವೆಗೆ ಮುಂಚೆ ಬಳಸುತ್ತಿದ್ದ ನೆಟ್‌ಬುಕ್ ಎಂಬ ಪುಟ್ಟ ಕಂಪ್ಯೂಟರ್ ಬೀರುವಿನ ತಳದಲ್ಲಿತ್ತು. ಆನ್ ಮಾಡಿದರೆ ಪರದೆ ಬೆಳಗುವಷ್ಟರಲ್ಲಿ ಒಂದು ಲಂಗಕ್ಕೆ ಅಂಚು ಹೊಲಿದು ಮುಗಿಸಬಹುದಿತ್ತು. ಟಿವಿ ರಿಪೇರಿಯ ಮೈದುನ ತಿರುಗಿಸಿ ನೋಡಿ, "ಗುಜರಿ ಮಾಲು, ಅತ್ತಿಗೆ. ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದ.

ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಗ್ರಂಥಾಲಯಕ್ಕೆ ಹೋದಳು. ಅಲ್ಲಿನ ಮೇಡಂ, "ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡಿ, ಹಳೇ ಯಂತ್ರಕ್ಕೂ ಭಾರ ಆಗಲ್ಲ. ಮೊದಲು ಪೆನ್‌ಡ್ರೈವ್‌ನಿಂದ್ಲೇ ಓಡಿಸಿ. ಹಿಡಿಸದಿದ್ರೆ ಕಿತ್ತುಬಿಡಿ, ಒಳಗಿರೋದು ಹಾಗೇ ಇರುತ್ತೆ" ಎಂದರು.

"ಅಂದ್ರೆ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡೋ ಹಾಗೆ!"

ಮೇಡಂ ನಕ್ಕು ಪೆನ್‌ಡ್ರೈವ್ ತಯಾರು ಮಾಡಿಕೊಟ್ಟರು.

ಮನೆಯಲ್ಲಿ ಚುಚ್ಚಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು. ಅದನ್ನು ಫೋನಿನಲ್ಲಿ ಫೋಟೊ ಹಿಡಿದು ಮತ್ತೆ ಗ್ರಂಥಾಲಯಕ್ಕೆ ಓಡಿದಳು. ಈ ಹಳೇ ಯಂತ್ರಕ್ಕೆ ಮೂವತ್ತೆರಡು ಬಿಟ್‌ನ ಲಿನಕ್ಸ್ ಬೇಕಂತೆ. ಮೇಡಂ ಹಾಕಿಕೊಟ್ಟದ್ದು ಅರವತ್ತನಾಲ್ಕರದು. ಅಳತೆ ತಪ್ಪಿದ ರವಿಕೆ ಅವಳಿಗೆ ಹೊಸದೇ? ಈ ಸಲ ಸರಿಯಾದುದನ್ನು ಇಳಿಸಿ ಪೆನ್‌ಡ್ರೈವ್ ತಾನೇ ತಯಾರು ಮಾಡಿದಳು. ಮನೆಗೆ ಬಂದು ಚುಚ್ಚಿದರೆ ತಿಳಿನೀಲಿ ಪರದೆ ತೆರೆದುಕೊಂಡಿತು. ವೈಫೈ ಮಾತ್ರ ಮೊಂಡು ಹಿಡಿಯಿತು. ಅದರ ಗೊಡವೆಯೇ ಬೇಡವೆಂದು ಪಕ್ಕದ ಮನೆಯಿಂದ ಕಿಟಕಿಯ ಮೂಲಕ ಇಂಟರ್‌ನೆಟ್ ಕೇಬಲ್ ಎಳೆದಳು.

ಓದಿ ಹೇಳುವ ತಂತ್ರಾಂಶವನ್ನು ಇಳಿಸಲು ಮೇಡಂ ಬರೆದುಕೊಟ್ಟ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಕುಟ್ಟಬೇಕಿತ್ತು. ಒಂದು ಕಡೆ ಜಾಗ ಬಿಡದೆ ಕುಟ್ಟಿದ್ದಕ್ಕೆ ಅದು ಒಪ್ಪಲೇ ಇಲ್ಲ. ಸೂಜಿಗೆ ದಾರ ಪೋಣಿಸುವ ಕಣ್ಣು ಕೊನೆಗೂ ಆ ತಪ್ಪನ್ನು ಹಿಡಿಯಿತು. ಸ್ಪೀಕರ್ "ನಮಸ್ಕಾರ" ಎಂದು ಡಬ್ಬದೊಳಗಿನಿಂದ ಬಂದಂತಹ ದನಿಯಲ್ಲಿ ಹೇಳಿದಾಗ ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. ಅಳತೆ ಸರಿಯಿದೆ ಎಂದು ಖಾತ್ರಿಯಾದಮೇಲೆ ಪಕ್ಕಾ ಹೊಲಿಗೆ ಹಾಕಿದಳು: ಹಳೆಯದನ್ನು ಅಳಿಸಿ ಲಿನಕ್ಸನ್ನೇ ಕೂರಿಸಿ, ಆ ದನಿಯನ್ನೂ ಅದರಲ್ಲಿ ಸೇರಿಸಿದಳು.

ಭಾನುವಾರ ಮೈದುನ ಬಂದಾಗ ನೆಟ್‌ಬುಕ್ ಅಣ್ಣನ ಮಡಿಲಲ್ಲಿತ್ತು.

"ಯಾರು ಮಾಡಿಕೊಟ್ರು, ಅತ್ತಿಗೆ?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಕೀಲಿಗಳನ್ನು ಕುಟ್ಟತೊಡಗಿದ್ದ. ಇಬ್ಬರೂ ಕಾದರು.

"ನನ್ನ ಹೆಂಡತಿ" ಎಂದಿತು ಯಂತ್ರ.

ಅಷ್ಟಕ್ಕೇ ಬಿಡದೆ ಅವನು ದನಿ ಪೂರ್ತಿ ಏರಿಸಿ ಮತ್ತೊಮ್ಮೆ ಒತ್ತಿದ. ಕೇಬಲ್ ಕೊಟ್ಟ ಪಕ್ಕದ ಮನೆಯಾಕೆ ಕಿಟಕಿಗೆ ಬಂದು ಇಣುಕಿದಳು. ಮೈದುನ ಕೈಮುಗಿದು, "ಸೋತೆ ಅತ್ತಿಗೆ, ವೈಫೈ ಆದ್ರೂ ನಾನು ಸರಿಮಾಡ್ತೀನಿ" ಎಂದು ಹತ್ತಿರ ಕುಳಿತ.

"ಮಾಡಿ, ಆದ್ರೆ ನನ್ನ ಕೇಳದೆ ಏನೂ ಅಳಿಸ್ಬೇಡಿ" ಎಂದಳು ಅವಳು.

ಮಾತು ಸಿಕ್ಕ ಕಂಡಕ್ಟರ್ ಸುಮ್ಮನಿರುತ್ತಾನೆಯೇ? ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದೆಂದು ಸಾರಿದ. ಬಾಗಿಲ ಬಳಿ ಚಪ್ಪಲಿ ಚೆಲ್ಲಾಪಿಲ್ಲಿಯಾಗಿವೆಯೆಂದು ಗದರಿಸಿದ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಜಗಳ ಶುರುವಾಯಿತು.

"ರೀ, ಆ ದನಿ ಕೊಟ್ಟಿದ್ದು ನಾನು, ನೆನಪಿರಲಿ!" ಎಂದು ಅವಳೂ ದನಿ ಏರಿಸಿದಳು. ಉಪ್ಪಿನ ಡಬ್ಬಿಯನ್ನು ಅವನ ಮುಂದಿಟ್ಟಾಗ ಅವಳ ಎದೆ ಹೆಮ್ಮೆಯಿಂದ ಉಬ್ಬಿತ್ತು.