ಹನಿಯ ಅಂಚು

ನನ್ನ ಅಜ್ಜಿಯ ಕಥೆಗಳಲ್ಲಿ ಮಕ್ಕಳಿಲ್ಲದ ರಾಜನಿಗೆ ಯಾರೋ ಸನ್ಯಾಸಿ ಮಾವಿನ ಹಣ್ಣು ಕೊಡುತ್ತಿದ್ದ. ಹೊನ್ನಾವರದ ಲ್ಯಾಬಿನಲ್ಲಿ ನಾನು ಕೊಡುತ್ತಿದ್ದುದು ಮುಚ್ಚಳವಿದ್ದ ಪುಟ್ಟ ಡಬ್ಬಿ, ಆಮೇಲೊಂದು ಚೀಟಿ. 2001ರಲ್ಲಿ ಆ ಕೆಲಸಕ್ಕೆ ನಾನು ಹೊಸಬಳು.

ದೋಣಿಯಲ್ಲಿ ದುಡಿಯುವ ಸುಧಾಕರ ಹಿಂದಿನ ಕೋಣೆಯಿಂದ ಬಂದು, ಡಬ್ಬಿಯನ್ನು ಹೆಂಡತಿ ಮಂಗಲಾಳ ಕೈಗಿಟ್ಟು, ತಲೆಯೆತ್ತದೆ, ಅವಳ ಬಟ್ಟೆಯ ಚೀಲ ಹಿಡಿದು ರಸ್ತೆಯಾಚೆ ಹೋಗಿ ನಿಂತ. ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ.

ಗಾಜಿನ ಪಟ್ಟಿಯ ಮೇಲೆ ಹನಿಯಿಟ್ಟು, ತೆಳುಗಾಜು ಮುಚ್ಚಿ, ಕಲಿಸಿದ್ದಂತೆ ಸೂಕ್ಷ್ಮದರ್ಶಕದಲ್ಲಿ ನಡುಭಾಗ ನೋಡಿದೆ. ಖಾಲಿ. ಇನ್ನೊಂದು ಹನಿಯೂ ಹಾಗೇ. ವೀರ್ಯಾಣು ‘ಇಲ್ಲ’ ಎಂದು ಬರೆಯಲು ಪೆನ್ನು ತೆಗೆದೆ.

“ಎಂತ ಬರೀತ್ರಿ ಅಕ್ಕೋರೆ?”

“ಎಂತದೂ ಕಾಣ್ತಿಲ್ಲ ಮಂಗಲಾ.”

ಅವಳು ಬೆಂಚಿನಿಂದ ಎದ್ದಳು. “ಹಂಗೆ ಬರೀಬೇಡಿ. ‘ನನ್ನಲ್ಲಿ ಎಂತದೂ ಇಲ್ಲ ಅಂದ್ರೆ ಇಲ್ಲಿಂದ್ಲೇ ಭಟ್ಕಳ ಬಸ್ಸಿಗೆ ಹತ್ತಿಸ್ತೆ, ತವರಿಗೆ ಹೋಗಿ ಬೇರೆಯವನ ಕೈ ಹಿಡಿ’ ಅಂದಿದ್ದಾರೆ ಇವ್ರು. ನಂಗೆ ಬೇರೆಯವ ಬೇಡ.”

“ಸುಳ್ಳು ಬರೆಯೂಕೆ ಬರೂದಿಲ್ಲ.”

“ಸುಳ್ಳು ಯಾರು ಕೇಳಿದ್ರು? ಎಲ್ಲಿ ನೋಡಿದ್ರಿ?”

“ನಡುವೆ.”

“ಬಲೆ ಮುಟ್ಟಿದವರಲ್ಲ ನೀವು,” ಎಂದಳು. “ಜೀವ ಇದ್ದ ಮೀನು ದಂಡೆ ಸಿಕ್ಕಿತಂದ್ರೆ ಬಿಡೂದಿಲ್ಲ, ದಂಡೆ ಹಿಡ್ಕಂಡೇ ಹೋತದೆ. ಬದಿ ನೋಡಿ.”

ನಂಬಿಕೆಯಿಲ್ಲದೆಯೇ ಪಟ್ಟಿಯನ್ನು ಸರಿಸಿದೆ. ಹನಿ ಮುಗಿಯುವಲ್ಲಿ, ಕಪ್ಪು ಗೆರೆಯ ಒಳಬದಿಯಲ್ಲಿ ಒಂದು ಬಾಲ ಅಲುಗಿತು. ಅದರ ಹಿಂದೆ ಮತ್ತೊಂದು. ಅಂಚಿಗೆ ತಲೆ ಒತ್ತಿಕೊಂಡು, ಅದು ಬಾಗಿದಲ್ಲಿ ತಾವೂ ಬಾಗಿ, ಹನಿಯನ್ನು ಸುತ್ತುತ್ತಿದ್ದವು. ನಡುವಿನ ಬಯಲಲ್ಲಿ ಎತ್ತೆತ್ತಲೋ ಅಲೆದು ಬಂದವಕ್ಕೆ ಅಡ್ಡ ಬಂದ ಗೋಡೆಯೇ ದಾರಿಯಾಗಿತ್ತು. ಸುತ್ತಲೂ ಎಣಿಸಿದೆ. ಹನ್ನೊಂದು. ಸಾವಿರಾರು ಇರಬೇಕಿತ್ತು.

“ಇದ್ದಾವೆ,” ಎಂದೆ. “ಭಾಳ ಕಡಿಮೆ. ಮಗು ಆಗ್ತದೆ ಅಂತ ನಾ ಹೇಳೂಕಾಗೂದಿಲ್ಲ. ಡಾಕ್ಟರು ನೋಡ್ಬೇಕು.”

“ಅದು ಆಮೇಲೆ. ಇದ್ದಾವೆ ಅಂತ ಮೊದ್ಲು ಬರೀರಿ.”

ಬರೆದೆ. ಕಿಟಕಿಯಿಂದ ನೋಡುತ್ತ ನಿಂತೆ. ಮಂಗಲಾ ರಸ್ತೆ ದಾಟಿ ಕೊಟ್ಟ ಚೀಟಿಯನ್ನು ಸುಧಾಕರ ಎರಡು ಸಲ ಓದಿದ. ಅಷ್ಟರಲ್ಲಿ ಭಟ್ಕಳದ ಬಸ್ಸು ಬಂದು ಅವರಿಬ್ಬರನ್ನೂ ಮರೆಮಾಡಿತು. ಕಂಡಕ್ಟರ್ ಬಾಗಿಲು ಬಡಿದ. ಬಸ್ಸು ಹೊರಟಿತು.

ಅವಳ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಅವನು ಅಲ್ಲೇ ಇದ್ದ. ಮಂಗಲಾ ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು, ಡಾಕ್ಟರ ಮನೆ ಯಾವ ಕಡೆ ಎಂದು ಯಾರನ್ನೋ ಕೇಳುತ್ತಿದ್ದಳು.