ತಾರಸಿಯ ಗಾಳಿ

“ಸಣ್ಣದೇ ಸಾಕು,” ಎಂದಳು ಕುಮುದಿನಿ. ಹೇಳಿದ್ದು ಗಟ್ಟಿಯಾಯಿತೇನೋ ಅನ್ನಿಸಿ, “ಅವರಿಗೆ ಅಷ್ಟೇ ಆಗುದು,” ಎಂದು ಮೆಲ್ಲಗೆ ಸೇರಿಸಿದಳು.

ಕಬಕದ ತನ್ನ ಮನೆಯಂಗಳದಲ್ಲಿ ಫಯಾಝ್ ಎರಡೂ ಹಾಯಿಗಳನ್ನು ಬಿಡಿಸಿಟ್ಟಿದ್ದ. ದುಬೈಯ ಕಡಲತೀರದಲ್ಲಿ ಪ್ರವಾಸಿಗಳಿಗೆ ಹಾಯಿಯ ಬೋರ್ಡು ಬಾಡಿಗೆಗೆ ಕೊಡುವ ಕಡೆ ಕೆಲಸ ಮಾಡಿ ಬಂದವನು ಅವನು. ಬೋರ್ಡಿನ ಮೇಲೆ ನಿಂತು, ಹಾಯಿಯ ಅಡ್ಡಕೋಲು ಹಿಡಿದು, ಬರೀ ಗಾಳಿಯ ಬಲದಲ್ಲಿ ನೀರ ಮೇಲೆ ಜಾರುವ ಆಟ. ದೊಡ್ಡ ಹಾಯಿ ಅರ್ಧ ಅಂಗಳ ತುಂಬಿತ್ತು. ಸಣ್ಣದು ಅದರ ಮಗುವಿನಂತೆ ಪಕ್ಕದಲ್ಲಿ ಮಲಗಿತ್ತು.

“ನಾನು ಹೇಳುದು ಕೇಳಿ ಅಕ್ಕ. ಸಣ್ಣ ಹಾಯಿ ಜೋರು ಗಾಳಿಗೆ. ನಿಮ್ಮ ಹೊಳೆಯಲ್ಲಿ ಎಂತ ಗಾಳಿ ಉಂಟು? ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಅದಕ್ಕೆ ದೊಡ್ಡದೇ ಬೇಕು.”

“ಗಾಳಿ ಉಂಟು ಫಯಾಝ್. ನಾನು ದಿನಾ ನೋಡ್ತೇನೆ. ತಾರಸಿಯಲ್ಲಿ ಒಣಗ್ಲಿಕ್ಕೆ ಹಾಕಿದ ಬೈರಾಸು ಹಗ್ಗದಲ್ಲಿ ನಿಲ್ಲುದಿಲ್ಲ.”

“ಉದಯಣ್ಣ ಹಾಯಿ ಬಿಡುದು ತಾರಸಿಯಲ್ಲಾ?” ಎಂದು ಅವನು ನಕ್ಕ.

ಕುಮುದಿನಿ ನಗಲಿಲ್ಲ. ಸಣ್ಣದನ್ನು ಸುತ್ತಿಕೊಡಲು ಹೇಳಿದಳು.

ನೌಕಾಪಡೆಯಲ್ಲಿದ್ದಾಗ ಅವಳ ಗಂಡ ಉದಯ ಈ ಆಟದಲ್ಲಿ ಪದಕ ಗೆದ್ದವನು. ಕಳೆದ ಮಳೆಗಾಲದಲ್ಲಿ ಸ್ಟ್ರೋಕ್ ಆಗಿ ಎಡಗೈ ಬಿದ್ದುಹೋಯಿತು. ಆಮೇಲೆ ರಬ್ಬರಿನ ಚೆಂಡು ಹಿಸುಕಿ ಹಿಸುಕಿ, ಲುಂಗಿಯನ್ನು ತಾನೇ ಕಟ್ಟಿಕೊಳ್ಳುವಷ್ಟು ಬಲ ಬಂತು. ತೇಲುವ ಜಾಕೆಟು ಹಾಕಿಕೊಂಡು, ಜೊತೆಗೆ ಜನ ಇದ್ದರೆ ನೀರಿಗೆ ಇಳಿಯಬಹುದೆಂದು ಡಾಕ್ಟರೂ ಒಪ್ಪಿದರು. ಆಲೆಟ್ಟಿಯಲ್ಲಿ ಅವರ ಮನೆಯ ಕೆಳಗಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದ್ದರಿಂದ ಪಯಸ್ವಿನಿ ಹೊಳೆ ಕೆರೆಯ ಹಾಗೆ ನಿಂತಿತ್ತು. “ನೀನೇ ಗಾಳಿ ನೋಡಿ ಹಾಯಿ ಆರಿಸು. ನನಗಿಂತ ನಿನಗೆ ಜಾಗ್ರತೆ ಹೆಚ್ಚು,” ಎಂದಿದ್ದ ಉದಯ.

ಜಾಗ್ರತೆಯೇ ಅವಳ ಕಾಯಿಲೆ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವವಳು. ಗಾಳಿಯನ್ನೂ ಹಾಗೇ ನೋಡಿದಳು. ತಾರಸಿಯಲ್ಲಿ ಬೈರಾಸು ಪಟಪಟ ಹೊಡೆದುಕೊಳ್ಳುತ್ತಿತ್ತು. ಆದರೆ ಕೆಳಗೆ, ಎರಡು ಎತ್ತರದ ದರೆಗಳ ನಡುವಿನ ಹೊಳೆಯ ಬದಿಯಲ್ಲಿ, ತರಗೆಲೆ ಸುಟ್ಟ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದ್ದುದನ್ನೂ ನೋಡಿದ್ದಳು. ಹೊಗೆಯ ವಿಷಯ ಯಾರಿಗೂ ಹೇಳಲಿಲ್ಲ.

ಆದಿತ್ಯವಾರ ಹಾಯಿ ನೀರಿಗಿಳಿಯಿತು. ಅಣೆಕಟ್ಟಿನ ಹಲಗೆ ನೋಡಿಕೊಳ್ಳುವ ನೆರೆಮನೆಯ ಮೇದಪ್ಪ ಕಟ್ಟೆಯ ಮೇಲೆ ಕುಳಿತಿದ್ದರು.

“ಎಂತ ಉದಯ, ಹೊಳೆಯಲ್ಲೇ ಕಾಸರಗೋಡಿಗೆ ಹೋಗಿ ಮೀನು ತರುದಾ?”

“ಹೌದು ಮಾವ. ನಿಮ್ಮ ಹಲಗೆ ಸ್ವಲ್ಪ ಬದಿಗೆ ಸರಿಸಿ, ಹೋಗಿ ಬರ್ತೇನೆ.”

“ಹಲಗೆ ತೆಗೆದ್ರೆ ಊರಿನವರು ನನ್ನನ್ನು ತೆಗೀತಾರೆ ಮಾರಾಯ!”

ಉದಯ ತನ್ನ ಹಳೆಯ ಬೋರ್ಡಿನ ಮೇಲೆ ಮೊಣಕಾಲೂರಿದ, ಎದ್ದ, ಹಗ್ಗ ಹಿಡಿದು ನೀರಿನಿಂದ ಹಾಯಿಯನ್ನು ಎಳೆದ. ಎರಡನೆಯ ಸಲಕ್ಕೆ ಅದು ನೀರು ಸುರಿಸುತ್ತ ಎದ್ದು ನಿಂತಿತು. ಮೇದಪ್ಪ ಚಪ್ಪಾಳೆ ತಟ್ಟಿದರು.

ಆಮೇಲೆ ಏನೂ ಆಗಲಿಲ್ಲ. ಹಾಯಿ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿತ್ತು. ಉದಯ ಅಡ್ಡಕೋಲನ್ನು ಹತ್ತಿರ ಎಳೆದ, ದೂರ ಬಿಟ್ಟ, ಕಾಲು ಬದಲಿಸಿದ. ದರೆಯ ಮೇಲೆ ತೆಂಗಿನ ಗರಿಗಳು ಒಂದೇ ಸಮ ತೊನೆಯುತ್ತಿದ್ದವು. ಅವನು ಅವನ್ನು ನೋಡಿದ, ತನ್ನ ಎಡಗೈಯನ್ನು ನೋಡಿದ. ಬಹಳ ಹೊತ್ತು ಹಾಗೇ ನಿಂತಿದ್ದು, ಕಡೆಗೆ ಹಾಯಿ ಮಲಗಿಸಿ, ಬಲಗೈಯಿಂದ ನೀರು ತಳ್ಳುತ್ತ ದಡಕ್ಕೆ ಬಂದ.

“ಗಾಳಿ ಉಂಟು, ಅಲ್ಲಿ ನೋಡು,” ಎಂದ ಅವಳಿಗೆ. “ನನ್ನ ಕೈಗೆ ಗೊತ್ತಾಗುದಿಲ್ಲ. ಮೊದಲೆಲ್ಲ ಒಂದು ಉಸಿರು ಗಾಳಿ ಬಂದ್ರೂ ಕೈಗೆ ತಿಳೀತಿತ್ತು. ಇದು ಸತ್ತ ಕೈ. ವಾಪಸು ಕೊಡು ಹಾಯಿಯನ್ನು.”

ಅಲ್ಲ ಎಂದು ಹೇಳಬೇಕಿತ್ತು. ಅವಳು ಬಗ್ಗಿ ಹಾಯಿ ಸುತ್ತತೊಡಗಿದಳು.

ಗುಡಿಸುವಾಗ ಅವನ ರಬ್ಬರಿನ ಚೆಂಡು ಮಂಚದಡಿಯಲ್ಲಿ ಸಿಕ್ಕಿತು. ಎತ್ತಿ ಮೇಜಿನ ಮೇಲಿಟ್ಟಳು. ಮರುದಿನವೂ ಅದು ಇಟ್ಟಲ್ಲೇ ಇತ್ತು. ಅದರಾಚೆಯ ಬೆಳಿಗ್ಗೆ ಉದಯ ಲುಂಗಿಯ ಅಂಚು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, “ಸ್ವಲ್ಪ ಕಟ್ಟು,” ಎಂದ.

ಕಟ್ಟುತ್ತ ಕಟ್ಟುತ್ತ ಅವಳು ತಲೆಯೆತ್ತದೆ ಹೇಳಿದಳು. “ಸಣ್ಣದು ತಂದದ್ದು ಬೇಕೆಂದೇ.”

“ಎಂತದು?”

“ಹಾಯಿ. ಗಾಳಿ ಇರುದು ತಾರಸಿಯಲ್ಲಿ. ಹೊಳೆಯಲ್ಲಿ ಇಲ್ಲ ಅಂತ ನನಗೆ ಗೊತ್ತಿತ್ತು. ದೊಡ್ಡದೇ ಬೇಕು ಅಂತ ಫಯಾಝ್ ಹೇಳಿದ್ದ. ನಿಮ್ಮ ಕೈಯದ್ದು ತಪ್ಪಲ್ಲ.”

ಉದಯ ಅವಳ ಕೈಯಿಂದ ಲುಂಗಿಯ ಅಂಚನ್ನು ಬಿಡಿಸಿಕೊಂಡ. “ನಾನು ಮುಳುಗ್ತೇನೆ ಅಂತ ಹೆದರಿಕೆಯಾ?”

“ಹೌದು.”

“ಹಾಗಾಗಿ ಗಾಳಿಯನ್ನೇ ತೆಗೆದಿಟ್ಟದ್ದು.”

ಅವನು ಗೋಡೆಗೆ ಒರಗಿ, ಒಂದೂವರೆ ಕೈಯಲ್ಲಿ ಗಂಟು ಹಾಕಲು ಹೆಣಗಿದ. ಅದು ಜಾರಿತು. ಅವಳು ಮುಂದೆ ಬಂದಾಗ, “ಬೇಡ,” ಎಂದ. ಮರುದಿನ ಚಹಾ ಕುಡಿಯುವಾಗ ಲೋಟಕ್ಕೆ ಹೇಳುವವನಂತೆ, “ದೊಡ್ಡದು ಅವನಲ್ಲಿ ಇನ್ನೂ ಉಂಟಾ?” ಎಂದು ಕೇಳಿದ.

ಉಂಟೇ ಎಂದು ಕೇಳಲು ಅವಳು ಫೋನು ಮಾಡಲಿಲ್ಲ. ನೇರ ಕಬಕದ ಬಸ್ಸು ಹತ್ತಿದಳು.

ಮರುದಿನ ಹೊಳೆಯಲ್ಲಿ ದೊಡ್ಡ ಹಾಯಿ ನೀರು ಕುಡಿದು ಎಮ್ಮೆಯಂತೆ ಮಲಗಿಬಿಟ್ಟಿತು. ಉದಯ ಹಗ್ಗ ಎಳೆದ. ಅದು ಮೊಣಕಾಲೆತ್ತರ ಎದ್ದು ಮತ್ತೆ ಬಿತ್ತು. ಮತ್ತೆ ಎಳೆದ; ಅವನೂ ಜೊತೆಗೇ ಬಿದ್ದ. ಜಾಕೆಟು ಅವನನ್ನು ಮೇಲಕ್ಕೆ ತಂದಿತು. ಕಟ್ಟೆಯ ಮೇಲೆ ಮೇದಪ್ಪ ಎದ್ದು ನಿಂತರು. ಈ ಸಲ ತಮಾಷೆ ಮಾಡಲಿಲ್ಲ. ಉದಯ ಬೋರ್ಡಿಗೆ ಕೈ ಊರಿ ಏದುತ್ತಿದ್ದ. ದಡದ ಕಡೆ ನೋಡಲಿಲ್ಲ.

ಸಾಕು, ಬನ್ನಿ ಎನ್ನುವ ಮಾತು ಕುಮುದಿನಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಚಪ್ಪಲಿ ಕಳಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಅವಳಿಗೆ ಈಜು ಬಾರದು. ಎದೆಮಟ್ಟದ ನೀರಿನಲ್ಲಿ ನಿಂತು, ಹಾಯಿಯ ಕಂಬದ ತುದಿ ಹುಡುಕಿ ಹೆಗಲಿಗೆ ಕೊಟ್ಟು ಎತ್ತಿದಳು. ನೀರು ಮುಖದ ಮೇಲೆ ಸುರಿಯಿತು.

“ಅಲ್ಲಿ ಅಲ್ಲ. ಇನ್ನೂ ಕೆಳಗೆ ಹಿಡಿ,” ಎಂದ ಉದಯ. ಎರಡು ದಿನದಲ್ಲಿ ಅವಳಿಗೆಂದು ಆಡಿದ ಮೊದಲ ಮಾತು.

ಅವನು ಬೋರ್ಡು ಹತ್ತಿ ಅಡ್ಡಕೋಲು ಹಿಡಿದ. ಇಬ್ಬರೂ ಕಾದರು. ಹೊಳೆ ಕನ್ನಡಿಯಂತಿತ್ತು. ಆಮೇಲೆ ಅಣೆಕಟ್ಟಿನ ಕಡೆಯಿಂದ ನೀರಿನ ಮೇಲೆ ಸಣ್ಣ ಸುಕ್ಕೊಂದು ಬಂತು. ಕಂಬ ಅವಳ ಅಂಗೈಯಲ್ಲಿ ಕರುವಿನಂತೆ ಜಗ್ಗಿತು.

“ಬಂತು,” ಎಂದ ಉದಯ, ಅವಳು ಹೇಳುವ ಮೊದಲೇ. “ಬಿಡು.”

ಅವಳ ಬೆರಳುಗಳು ಇನ್ನಷ್ಟು ಬಿಗಿದವು.

“ಕುಮುದಾ, ಬಿಡು.”

ಬೋರ್ಡು ಅವಳ ಪಕ್ಕೆ ಸವರಿಕೊಂಡು ಮುಂದೆ ಹೋಯಿತು. ಅದು ಎಬ್ಬಿಸಿದ ತೆರೆ ಗಲ್ಲದವರೆಗೆ ಬಂದು ಇಳಿಯಿತು. ಅವಳು ಖಾಲಿಯಾದ ಎರಡು ಕೈಗಳನ್ನೂ ಮೇಲೆತ್ತಿ, ಇನ್ನೂ ಕಂಬ ಹಿಡಿದಿರುವ ಹಾಗೆಯೇ, ನೀರಿನ ನಡುವೆ ನಿಂತಿದ್ದಳು.