ನೀರು ತಾಗಿದ ಚಿತ್ರ

ನೀಲಿ ಇಳಿಯುತ್ತಿದೆ, ಅಯ್ಯೋ, ಆಕಾಶವೇ ಗುಡ್ಡದ ಮೇಲೆ ಇಳಿಯುತ್ತಿದೆ, ನಾನು ಚಿತ್ರದ ಬೆನ್ನಿಗೆ ಬರೀ ನೀರು ಸವರಿದ್ದು, ಸಕಲೇಶಪುರದ ಈ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಚಿತ್ರಗಳಿಗೆ ಕಟ್ಟು ಹಾಕುವಾಗ ಮಾಡುವುದೇ ಅದು, ಕ್ಯಾಲೆಂಡರಿನ ಲಕ್ಷ್ಮಿಯಾಗಲಿ ಕಾಬಾ ಆಗಲಿ, ಮೊದಲು ಬೆನ್ನಿಗೆ ನೀರು, ಆಮೇಲೆ ಮೈದಾ ಅಂಟು, ರಟ್ಟಿಗೆ ಒತ್ತಿದರೆ ಸುಕ್ಕೆಲ್ಲ ಮಾಯ — ಇದುವರೆಗೆ ಒಂದು ಚಿತ್ರವೂ ಕರಗಿಲ್ಲ, ಇದು ಕರಗುತ್ತಿದೆ, ನೀರಿನಲ್ಲೇ ಕಲಸಿದ ಬಣ್ಣ ಇದು, ಈಗ ಹೊಳೆಯುತ್ತಿದೆ ನನ್ನ ಮಂಡೆಗೆ. ಗಾಜೊಂದು ಹಾಕ್ಬುಡಿ ರಶೀದ್ ಸಾಬ್ರೇ, ಚಿತ್ರದ ತಂಟೆಗೆ ಹೋಗ್ಬ್ಯಾಡಿ, ನೂರಿಪ್ಪತ್ತು ವರ್ಷದ್ದು ಐತೆ — ಆನೇಮಹಲ್ ಕಡೆಯ ಎಸ್ಟೇಟಿನ ದಯಾನಂದ ಬೆಳಿಗ್ಗೆಯೇ ಹೇಳಿ ಹೋಗಿದ್ದರು, ಕಿವಿ ಕೇಳಿತು, ಕೈ ಕೇಳಲಿಲ್ಲ, ಸುಕ್ಕು ಕಂಡರೆ ಸುಮ್ಮನಿರದ ದರಿದ್ರ ಕೈ, ದೊಡ್ಡ ಕಸುಬುದಾರ ನಾನು. ಬರೆದವನು ಇಂಗ್ಲೆಂಡಿನವನಂತೆ, ಎತ್ತಿನ ಗಾಡಿಯಲ್ಲಿ ಈ ಗುಡ್ಡಗಳನ್ನೆಲ್ಲ ಸುತ್ತಿದನಂತೆ, ಮಂಜು ಸರಿದ ಅರ್ಧ ಗಂಟೆಯಲ್ಲಿ ಒಂದು ಚಿತ್ರ ಮುಗಿಸುತ್ತಿದ್ದನಂತೆ, ಬಿಸಿಲೆ ಕಾಡಿನಿಂದ ಚಳಿಜ್ವರ ಹೊತ್ತು ಬಂದು ಮೂವತ್ತೊಂದನೇ ವಯಸ್ಸಿಗೇ ಸತ್ತನಂತೆ, ಇದೇ ಕೊನೆಯ ಚಿತ್ರ, ಬಂಡೆಯ ಮೇಲೆ ಹೆಬ್ಬೆರಳಿನಷ್ಟು ಹೆಂಗಸು, ಕೆಂಪು ಶಾಲು, ಅವನ ಹೆಂಡತಿ. ಅವನ ಮರಿಮಗಳು ಬಂದವ್ರೆ ಕಣ್ರೀ, ಮುತ್ತಜ್ಜಿ ಮುಖ ನೋಡೋಕೆ ಅಂತ್ಲೇ, ಅವ್ರತ್ರ ಒಂದು ಫೋಟೋನೂ ಇಲ್ವಂತೆ, ನಾಕು ಗಂಟೆಗೆ ಕರ್ಕೊಂಡ್ ಬರ್ತೀನಿ — ಅದನ್ನೂ ದಯಾನಂದರೇ ಹೇಳಿದ್ದು, ಮೂರೂ ಮುಕ್ಕಾಲು ಆಯಿತು, ಯಾ ಅಲ್ಲಾಹ್, ಓಡಿಹೋಗಲೇ, ಶಟರ್ ಎಳೆಯಲೇ, ಜ್ವರವೆಂದು ಮಲಗಲೇ, ಅಷ್ಟು ದೂರದಿಂದ ಹಡಗೋ ವಿಮಾನವೋ ಹತ್ತಿ ಬಂದ ಮುದುಕಿಗೆ ಏನು ಹೇಳಲಿ.

ನೀಲಿ ಬಂಡೆ ಮುಟ್ಟಿತು, ಇನ್ನೊಂದು ಬೆರಳಷ್ಟು ಇಳಿದರೆ ಶಾಲು, ಗುಡ್ಡ ಹೋಗಲಿ, ಗುಡ್ಡ ಹೊರಗೆ ಇದ್ದೇ ಇದೆ, ಅವಳು ಮಾತ್ರ ಎಲ್ಲೂ ಇಲ್ಲ, ಬ್ಲಾಟಿಂಗ್ ಪೇಪರ್ ಎಲ್ಲಿ, ಮಗಳು ಜೇಬಾಳ ಪರೀಕ್ಷೆಗೆ ತಂದಿದ್ದು, ಗಲ್ಲಾದ ಕೆಳಗೆ, ಸಿಕ್ಕಿತು, ನೀರು ಹೀರಿದರೆ ಉಳಿಯುತ್ತಾಳೆ, ಮೆಲ್ಲಗೆ, ಅವಳ ಮೇಲೆ ಇಡು, ಒತ್ತು, ಗಟ್ಟಿಯಾಗಿ ಒತ್ತು, ಬಿಸ್ಮಿಲ್ಲಾ — ಹೊರಗೆ ಜೀಪು ನಿಂತಿತು, ಬಾಗಿಲು ಬಡಿದ ಸದ್ದು, ದಯಾನಂದರ ದನಿ, ರಶೀದ್ ಸಾಬ್ರೇ, ಆಯ್ತೇನ್ರೀ, ಇವ್ರಿಗೆ ತಡ್ಕೊಳೋಕೆ ಆಗ್ತಿಲ್ಲ ನೋಡಿ, ಎತ್ತಬೇಕು, ಎತ್ತಲಾರೆ, ಎತ್ತಿದೆ — ಬ್ಲಾಟಿಂಗ್ ಪೇಪರಿನ ಮೇಲೆ ಕೆಂಪು ಶಾಲು, ಮೂಗು, ಕಣ್ಣು, ಅತ್ತ ತಿರುಗಿದ್ದವಳು ಕನ್ನಡಿಯಲ್ಲಿನ ಹಾಗೆ ಇತ್ತ ತಿರುಗಿ ಕೂತಿದ್ದಾಳೆ, ಚಿತ್ರದ ಬಂಡೆಯ ಮೇಲೆ ಹೆಬ್ಬೆರಳಿನಷ್ಟು ಬಿಳಿ, ಬಾಗಿಲಲ್ಲಿ ಬಿಳಿ ಕೂದಲಿನ ಹೆಂಗಸು ಚಾಚಿದ ಎರಡೂ ಕೈ, ನನ್ನ ಎಡಗೈಯಲ್ಲಿ ಆ ಬಿಳಿ ಉಳಿದ ಚಿತ್ರ, ಬಲಗೈಯಲ್ಲಿ ಕೆಂಪು ಶಾಲು, ಕೆಂಪು ಶಾಲು, ಅಂಚು ಹಿಗ್ಗುತ್ತಿದೆ, ಮುಖಕ್ಕೆ ಹಬ್ಬುತ್ತಿದೆ